ಪಾಲಿಯೆಸ್ಟರ್ ಶಾಲು ಹೊದಿಸಿ ಮಗ್ಗಕ್ಕೆ ಸನ್ಮಾನ

ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಶಾಸನವಿದೆ. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ಸತ್ಯ ಹೇಳಿ ಎಂಬ ಅರ್ಥದ ಸರ್ಕಾರಿ ಆದೇಶ. ಆ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹರಡುತ್ತಿದ್ದರಂತೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಹೊರಜಗತ್ತಿಗೆ ತಿಳಿಸುವ ಹೊತ್ತಿಗೆ ಅಕ್ಷರಗಳು ಸಾಕಷ್ಟು ಸವೆದಿದ್ದವು.

ಸರ್ಕಾರದ ಆದೇಶದ ಮೇಲೆ ವ್ಯಾಪಾರ ಹರಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಬಳೆಗಾರರಿಗಾದರೂ ಕೆಳಗೆ ಏನು ಬರೆದಿದೆ ಎಂದು ಓದಲು ಬರುತ್ತಿರಲಿಲ್ಲ. ಈಗಿನವರಿಗೆ ಬರುತ್ತದೆ.

ಬೆಟ್ಟ ಇಳಿದರೆ ಮೊಳಕಾಲ್ಮುರು ಸೀಮೆ, ರೇಷ್ಮೆ ಸೀರೆಯದು. ಮುಂದೆ ಹೋದರೆ ಚಳ್ಳಕೆರೆ ಸೀಮೆ, ಕಂಬಳಿಯದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಎರಡೂ ಇವೆ. ಇಲ್ಲಿ ಕರೆಂಟಿಲ್ಲದೆ ನೇಯುತ್ತಾರೆ. ಕಂಬಳಿಗೆ ಬಣ್ಣವನ್ನೂ ಹಾಕುವುದಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಹರಿದರೆ ಹೊಲಿಯುತ್ತಾರೆ. ಹೊಲಿಯಲು ಬಾರದಷ್ಟು ಹರಿದರೆ ಕಣಕ್ಕೋ ಕೊಟ್ಟಿಗೆಗೋ ಹಾಸುತ್ತಾರೆ.

ಇದನ್ನು ಮೊದಲು ಬಡತನ ಎನ್ನುತ್ತಿದ್ದರು. ಈಗ ಬೆಂಗಳೂರಿನ ಸ್ಟಾರ್ ಹೋಟೆಲುಗಳಲ್ಲಿ ಸಸ್ಟೈನಬಲ್ ಫ್ಯಾಷನ್ ಎನ್ನುತ್ತಾರೆ. ಬಡತನ ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಆ ಹೋಟೆಲಿನ ಸಮ್ಮೇಳನಗಳನ್ನು ನೋಡಬೇಕು. ವೇದಿಕೆಯ ಹಿಂದೆ ಕೈಮಗ್ಗದ ಚಿತ್ರವಿರುವ ಫ್ಲೆಕ್ಸ್, ಅದು ಪಿವಿಸಿ. ಕೊರಳಿಗೆ ಗುರುತಿನ ಪಟ್ಟಿ, ಅದು ಪಾಲಿಯೆಸ್ಟರ್. ಕೈಗೊಂದು ‘ಬಟ್ಟೆ ಚೀಲ’, ಅದು ನಾನ್‌ವೋವನ್. ಮುಟ್ಟಿದರೆ ಬಟ್ಟೆ, ಸುಟ್ಟರೆ ಪ್ಲಾಸ್ಟಿಕ್. ಪಾಲಿಪ್ರೊಪಿಲೀನನ್ನು ನೇಯದೆಯೇ ಅಂಟಿಸಿ ಮಾಡಿದ ಚೀಲದ ಮೇಲೆ ‘ನೇಕಾರರನ್ನು ಉಳಿಸಿ’ ಎಂದು ಅಚ್ಚು ಹಾಕಿಸುವವನ ಎದೆಗಾರಿಕೆಯನ್ನು ಮೆಚ್ಚಲೇಬೇಕು. ಇನ್ನು ಎ.ಸಿ.! ಭೂಮಿ ಬಿಸಿಯಾಗುತ್ತಿದೆ ಎಂದು ಹೇಳಲು ಎಲ್ಲರಿಗೂ ಕೋಟು ಬೇಕಾಗುವಷ್ಟು ಚಳಿ.

ಊಟಕ್ಕೆ ಮುಂಚೆ ಹಿರಿಯ ನೇಕಾರರೊಬ್ಬರನ್ನು ವೇದಿಕೆಗೆ ಕರೆಯುತ್ತಾರೆ. ಅವರಿಗೆ ಎರಡು ನಿಮಿಷ. ಸುಸ್ಥಿರತೆಯ ಸಲಹೆಗಾರರಿಗೆ ನಲವತ್ತು. ಶಾಲು ಹೊದಿಸುತ್ತಾರೆ. ನೇಕಾರರು ಅದರ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಅವರಿಗೆ ಗೊತ್ತಾಗುತ್ತದೆ. ಆದರೂ ಏನೂ ಹೇಳುವುದಿಲ್ಲ. ಬಸ್ ಚಾರ್ಜು ಇನ್ನೂ ಕೈಗೆ ಬಂದಿಲ್ಲ.

ಅಲ್ಲಿ ಆಗಾಗ ಕೇಳಿಬರುವ ಇನ್ನೊಂದು ಮಂತ್ರ ಇನ್ನೊವೇಷನ್. ಸೀರೆಯ ಮಡಿಕೆಗೆ ಒಂದು ಕ್ಯೂಆರ್ ಕೋಡ್ ಅಂಟಿಸುತ್ತಾರಂತೆ. ಮೊಬೈಲ್ ಹಿಡಿದರೆ ನೇಕಾರನ ನಗುಮುಖ, ಅವನ ಮಗ್ಗ, ಅವನ ಮನೆ ಬಾಗಿಲು, ಬಾಗಿಲ ಮುಂದಿನ ರಂಗೋಲಿ. ಎಲ್ಲ ಕಾಣುತ್ತದೆ. ಆ ಸೀರೆಗೆ ಅವನಿಗೆ ಸಿಕ್ಕ ಮಜೂರಿ ಎಷ್ಟು ಎಂಬುದು ಮಾತ್ರ ಯಾವ ಕೋಡಿನಲ್ಲೂ ಕಾಣುವುದಿಲ್ಲ. ತಂತ್ರಜ್ಞಾನ ಇನ್ನೂ ಅಷ್ಟು ಮುಂದುವರಿದಿಲ್ಲ.

ಮಜೂರಿಯ ಲೆಕ್ಕ ಸರ್ಕಾರದ ಬಳಿಯೇ ಇದೆ. 2019-20ರ ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲಿಗೆ ತಿಂಗಳ ಆದಾಯ 5,000 ರೂಪಾಯಿ ಮುಟ್ಟುವುದಿಲ್ಲ. ಒಬ್ಬರದಲ್ಲ, ಕುಟುಂಬದ್ದು. ಗಂಡ ಕುಣಿಯಲ್ಲಿ ಕಾಲಿಳಿಸಿ ಲಾಳಿ ಎಸೆಯುತ್ತಾನೆ. ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಅಚ್ಚು ಕೆಚ್ಚುತ್ತಾಳೆ. ಮೂರು ಜನ ಸೇರಿ ಗಳಿಸಿದ್ದು, ಆ ಹೋಟೆಲಿನ ಸಭಾಂಗಣದಲ್ಲಿ ಇಬ್ಬರ ಊಟದ ಬಿಲ್ಲು.

ಮೊಳಕಾಲ್ಮುರು ಸೀರೆಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆವತ್ತಿನಿಂದ ಈ ಊರಿಗೆ ಕರ್ನಾಟಕದ ಕಂಚಿ ಎಂಬ ಬಿರುದು ಭಾಷಣಗಳಲ್ಲಿ ಇನ್ನೂ ಜೋರಾಗಿ ಕೇಳುತ್ತಿದೆ. ನಮ್ಮ ಊರನ್ನು ಹೊಗಳಬೇಕಾದರೂ ಪಕ್ಕದ ರಾಜ್ಯದ ಊರಿನ ಹೆಸರು ಬೇಕು, ನೋಡಿ. ಟ್ಯಾಗ್ ಎಂಬುದು ಕಳ್ಳನಿಗೂ ಉಪಕಾರಿ. ಯಾವ ಹೆಸರು ಕದಿಯಲು ಯೋಗ್ಯ ಎಂದು ಸರ್ಕಾರವೇ ಪಟ್ಟಿ ಮಾಡಿ ಕೊಟ್ಟಂತಾಯಿತು. ಬುಟ್ಟಾ, ಅಂಚು, ಸೆರಗು ಎಲ್ಲವನ್ನೂ ಪವರ್‌ಲೂಮ್ ದಿನಗಳ ಬದಲು ಗಂಟೆಗಳಲ್ಲಿ ಹೊಡೆದು ಹಾಕುತ್ತದೆ. ಅಂಗಡಿಯವನು ಎರಡನ್ನೂ ಒಂದೇ ಬೀರುವಿನಲ್ಲಿ ಇಡುತ್ತಾನೆ.

ಕಾಯ್ದೆ ಇಲ್ಲವೇ ಎಂದು ಕೇಳಬೇಡಿ. ಇದೆ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ 1985ರಲ್ಲೇ ಬಂತು. ಮೊದಲು 22 ಬಗೆ ಮೀಸಲಿತ್ತು. ಪವರ್‌ಲೂಮ್‌ನವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆ ಸರಿಯಾಗಿದೆ ಎಂದಿತು. ಆಮೇಲೆ 22 ಹೆಚ್ಚಾಯಿತೆಂದು ಸರ್ಕಾರವೇ 11ಕ್ಕೆ ಇಳಿಸಿತು. ಕಾಯ್ದೆ ಇವತ್ತಿಗೂ ಸರಿಯಾಗಿಯೇ ಇದೆ. ಮುರಿಯುವವರೂ ಚೆನ್ನಾಗಿಯೇ ಇದ್ದಾರೆ.

ಹಾಗೆಂದು ರೇಷ್ಮೆಯನ್ನು ಪೂಜೆಗೆ ಕೂರಿಸುವುದೂ ಬೇಡ. ಬೆಟ್ಟದ ಮೇಲೆ ಪ್ರಾಣಿದಯೆಯ ಶಾಸನ, ಕೆಳಗೆ ಒಂದೊಂದು ಸೀರೆಗೂ ಸಾವಿರಾರು ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆದ ರೇಷ್ಮೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಹುಳು ಸಾಯುತ್ತದೆ ಎಂದು ಕಣ್ಣೀರಿಡುವ ಫ್ಯಾಷನ್ ಜಗತ್ತು ಅದಕ್ಕೆ ಬದಲಾಗಿ ತಂದದ್ದೇನು? ವೀಗನ್ ಸಿಲ್ಕ್. ಲೇಬಲ್ ತಿರುಗಿಸಿ ಓದಿ, ಬಹಳ ಸಲ ಅದು ಪಾಲಿಯೆಸ್ಟರ್. ಪೆಟ್ರೋಲಿಯಮ್ಮಿನಿಂದ ತೆಗೆದ ಅಹಿಂಸೆ. ಒಗೆದಾಗಲೆಲ್ಲ ಅದರಿಂದ ಉದುರುವ ಪ್ಲಾಸ್ಟಿಕ್ ಎಳೆ ನೀರು ಸೇರಿ ಮೀನಿನ ಹೊಟ್ಟೆಗೆ ಹೋಗುತ್ತದೆ. ಮೀನು ಪ್ರಾಣಿಯಲ್ಲವಲ್ಲ.

ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲಿಯೆಸ್ಟರ್. ಅದರಲ್ಲೂ ‘ಮರುಬಳಕೆಯ ಪಾಲಿಯೆಸ್ಟರ್’ ಎಂದರೆ ಪರಮ ಪವಿತ್ರ. ಅದು ಹಳೆಯ ಬಟ್ಟೆಯಿಂದ ಬರುತ್ತದೆ ಎಂದುಕೊಂಡಿದ್ದರೆ ನಿಮ್ಮ ಮುಗ್ಧತೆಗೆ ನಮಸ್ಕಾರ. ಬಹುಪಾಲು ಬರುವುದು ನೀರಿನ ಬಾಟಲಿಯಿಂದ. ಬಾಟಲಿಯಾಗಿದ್ದರೆ ಇನ್ನೊಮ್ಮೆ ಬಾಟಲಿಯಾಗಬಹುದಿತ್ತು. ಅಂಗಿಯಾದ ಮೇಲೆ ಮುಂದಿನ ದಾರಿ ಕಸದ ಗುಡ್ಡಕ್ಕೇ. ಇದಕ್ಕೆ ಹಸಿರು ಟ್ಯಾಗ್. ಇದಕ್ಕೆ ಪ್ರಶಸ್ತಿ.

ನಮ್ಮ ಸರ್ಕಾರಗಳೂ ಈ ಹಸಿರು ಭಕ್ತಿಯಲ್ಲಿ ಹಿಂದೆ ಬಿದ್ದಿಲ್ಲ. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಸ್ವದೇಶಿ ಚಳವಳಿಯ ನೆನಪಿಗೆ ಆ ದಿನವನ್ನೇ ಆರಿಸಿದ್ದು. 2020ರಲ್ಲಿ ಆ ದಿನಕ್ಕೆ ಹನ್ನೊಂದು ದಿನ ಇದೆ ಎನ್ನುವಾಗ, ಜುಲೈ 27ರಂದು, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿದರು. ಮಂಡಳಿ ಹೋಯಿತು, ದಿನ ಉಳಿಯಿತು. ಆಗಸ್ಟ್ 7ಕ್ಕೆ ಶುಭಾಶಯಗಳು ಎಂದಿನಂತೆ ಬಂದವು.

ಎಂಟು ದಿನ ಕಳೆದರೆ ಆಗಸ್ಟ್ 15. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ನೂಲಿನ ಎಣಿಕೆ, ಬಣ್ಣ, ಹೊಲಿಗೆ ಎಲ್ಲದಕ್ಕೂ ಬಿಐಎಸ್ ಮಾನದಂಡ. ಒಂದು ಎಳೆ ತಪ್ಪಿದರೂ ಬಾವುಟ ತಿರಸ್ಕೃತ. ವರ್ಷಗಟ್ಟಲೆ ಅಲ್ಲಿನ ಹೆಣ್ಣುಮಕ್ಕಳು ಆ ಶಿಸ್ತಿನಲ್ಲಿ ಕೆಲಸ ಮಾಡಿದರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿದರು. ಪಾಲಿಯೆಸ್ಟರ್ ಆದರೂ ಸರಿ, ಯಂತ್ರದ್ದಾದರೂ ಸರಿ. ಮುಂದಿನ ಆಗಸ್ಟಿನಲ್ಲಿ ಮನೆಮನೆಗೆ ತಿರಂಗಾ. ಆಗಸ್ಟ್ 7ಕ್ಕೆ ಕೈಮಗ್ಗಕ್ಕೆ ಕೈಮುಗಿದವರೇ ಆಗಸ್ಟ್ 15ಕ್ಕೆ ಪಾಲಿಯೆಸ್ಟರಿಗೆ ಸಲ್ಯೂಟ್ ಹೊಡೆದರು. ಚರಕದ ಸುತ್ತ ಬೆಳೆದ ಧ್ವಜಕ್ಕೆ ಕೊನೆಗೂ ಪೆಟ್ರೋಕೆಮಿಕಲ್ ಸ್ವಾತಂತ್ರ್ಯ ಸಿಕ್ಕಿತು.

ತೆರಿಗೆಯ ಕಥೆ ಕೇಳಿ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಲ್ಲಿ ನೇಯ್ದ ಬಟ್ಟೆಗೂ ಶೇ 5, ಯಂತ್ರ ನೇಯ್ದ ಬಟ್ಟೆಗೂ ಶೇ 5. ಸಮಾನತೆ ಅಂದರೆ ಇದೇ ಅಲ್ಲವೇ! ಕೈ ಉತ್ಪನ್ನಗಳಿಗೆ ತೆರಿಗೆ ಬೇಡ ಎಂದು ರಂಗಕರ್ಮಿ ಪ್ರಸನ್ನ ಅದೇ ವರ್ಷ ಬೆಂಗಳೂರಿನಲ್ಲಿ ಉಪವಾಸ ಕೂತರು. ಮಂತ್ರಿಗಳು ಬಂದು ನೋಡಿ ಸಹಾನುಭೂತಿ ತೋರಿಸಿದರು. ಸಹಾನುಭೂತಿಗೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಕೊನೆಗೂ ದರ ಇಳಿಯಿತು. ಯಾವುದಕ್ಕೆ? ಕೃತಕ ನಾರಿಗೆ ಶೇ 18ರಿಂದ 5ಕ್ಕೆ, ಕೃತಕ ನೂಲಿಗೆ ಶೇ 12ರಿಂದ 5ಕ್ಕೆ. ಇಳಿಸಿ ಎಂದು ಕೂಗಿದ್ದು ಮಗ್ಗ, ಇಳಿದದ್ದು ಪಾಲಿಯೆಸ್ಟರಿಗೆ.

ರಾಜ್ಯ ಸರ್ಕಾರ ಕೈಕಟ್ಟಿ ಕೂತಿಲ್ಲ. ನೇಕಾರ ಸಮ್ಮಾನ್ ಎಂಬ ಯೋಜನೆ ಕೊರೊನಾ ಕಾಲದಲ್ಲಿ ಬಂತು. ವರ್ಷಕ್ಕೆ 2,000 ರೂಪಾಯಿ. ಆಮೇಲೆ ದೊಡ್ಡ ಮನಸ್ಸು ಮಾಡಿ 5,000ಕ್ಕೆ ಏರಿಸಿದರು. ದಿನಕ್ಕೆ 13 ರೂಪಾಯಿ 70 ಪೈಸೆ ಬೀಳುತ್ತದೆ. ಒಂದು ಟೀ. ಬನ್ ತಿನ್ನಬೇಕೆಂದರೆ ಇನ್ನೊಂದು ಬಜೆಟ್ ಕಾಯಬೇಕು.

ಸೀರೆಗೆ ಇಷ್ಟಾದರೂ ಮರ್ಯಾದೆ ಇದೆ. ಕಂಬಳಿಯ ಪಾಡು ಕೇಳಬೇಡಿ.

ಚಳ್ಳಕೆರೆಯ ಕಂಬಳಿ ಮಗ್ಗಕ್ಕೆ ಬೇಕಾದದ್ದು ಮೂರು: ಕುರಿಯ ಉಣ್ಣೆ, ಹುಣಸೆಬೀಜದ ಗಂಜಿ, ಕುರುಬರ ಮನೆಯವರ ರಟ್ಟೆ. ಮೂರೂ ಇಲ್ಲಿನವೇ. ಬಣ್ಣದ ಕಾರ್ಖಾನೆ ಬೇಡ, ಹೊಳೆ ಕೆಡುವುದಿಲ್ಲ, ಹಡಗಿನಲ್ಲಿ ಏನೂ ಬರಬೇಕಾಗಿಲ್ಲ. ಕಂಬಳಿ ಬೇಸಿಗೆಯಲ್ಲಿ ಹಾಸಿಗೆ, ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಮದುವೆಯಲ್ಲಿ ಗದ್ದುಗೆ. ವಿದೇಶದ ಯಾವುದಾದರೂ ವಿನ್ಯಾಸ ಶಾಲೆಯ ಹುಡುಗ ಇದನ್ನು ಇವತ್ತು ಕಂಡುಹಿಡಿದಿದ್ದರೆ ನಾಳೆ ಅವನಿಗೆ ಬಂಡವಾಳ ಹೂಡಿಕೆದಾರರು ಸಿಗುತ್ತಿದ್ದರು. ಕಂಡುಹಿಡಿದದ್ದು ಕುರುಬ, ಅದಕ್ಕೇ ಯಾರೂ ಬರಲಿಲ್ಲ.

ಕುರಿಗೆ ಹುಲ್ಲು ಬೇಕು. ಹುಲ್ಲಿಗೆ ಕಾವಲು ಬೇಕು. ಅಮೃತ ಮಹಲ್ ತಳಿಯ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಮೀಸಲಿದ್ದ ಕಾವಲುಗಳು ಚಳ್ಳಕೆರೆ ತಾಲ್ಲೂಕಿನಲ್ಲಿದ್ದವು. ಸುತ್ತಲಿನ ಊರುಗಳ ಕುರಿಗಳೂ ಅಲ್ಲೇ ಬದುಕಿದ್ದವು. ಸುಮಾರು 2008ರಿಂದೀಚೆಗೆ ಆ ನೆಲ ಹಂಚಿಹೋಯಿತು. ಡಿಆರ್‌ಡಿಒಗೆ 4,290 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810. ಭಾರತೀಯ ವಿಜ್ಞಾನ ಸಂಸ್ಥೆಗೆ 1,500. ಇಸ್ರೊಗೆ 573. ಮತ್ತು, ಇದು ಬಹಳ ಮುಖ್ಯ, ಪರಿಸರಸ್ನೇಹಿ ಸೌರ ವಿದ್ಯುತ್ತಿಗೆಂದು ಒಂದು ಖಾಸಗಿ ಕಂಪನಿಗೆ 1,250. ಹಸಿರು ಇಂಧನಕ್ಕೆ ಜಾಗ ಬೇಕಿತ್ತು, ಹುಲ್ಲನ್ನು ತೆಗೆದರು. ಪ್ರಕರಣ ಹಸಿರು ನ್ಯಾಯಮಂಡಳಿಗೆ ಹೋಯಿತು, 2014ರಲ್ಲಿ ತೀರ್ಪೂ ಬಂತು. ಗೋಡೆ ಎದ್ದದ್ದು ಎದ್ದಲ್ಲೇ ಇದೆ. ಕುರಿಗೆ ತೀರ್ಪು ಓದಲು ಬರುವುದಿಲ್ಲ, ಅದು ಗೋಡೆ ನೋಡಿ ವಾಪಸು ಬರುತ್ತದೆ.

ರಾಕೆಟ್ ಬೇಡ ಎಂದು ಇಲ್ಲಿ ಯಾರೂ ಹೇಳಿಲ್ಲ. ಚಂದ್ರಯಾನ ಇಳಿದಾಗ ಚಳ್ಳಕೆರೆಯಲ್ಲೂ ಪಟಾಕಿ ಹೊಡೆದರು. ಆ ನೌಕೆಯ ಪರೀಕ್ಷೆಗೆಂದು ಉಳ್ಳಾರ್ತಿ ಕಾವಲಿನಲ್ಲೇ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿದ್ದರು. ಕುರಿ ಮೇಯುವ ನೆಲದಲ್ಲಿ ಹುಲ್ಲು ಹುಟ್ಟದ ಲೋಕವೊಂದರ ನಕಲು. ಭವಿಷ್ಯದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಸರ್ಕಾರಿ ಮಾದರಿಯನ್ನು ನಾನು ಕಂಡಿಲ್ಲ. 2024ರ ಮಾರ್ಚಿನಲ್ಲಿ ಇಸ್ರೊದ ರೆಕ್ಕೆ ವಾಹನ ಇಲ್ಲಿನ ರನ್‌ವೇ ಮೇಲೆ ಬಂದಿಳಿಯಿತು. ಹೆಸರು ಪುಷ್ಪಕ್. ಜಟಾಯು ಬಿದ್ದ ಜಾಗವೆಂದು ಜನ ನಂಬಿರುವ ಜಟಿಂಗ ರಾಮೇಶ್ವರ ಬೆಟ್ಟ ಪಕ್ಕದ ತಾಲ್ಲೂಕಿನಲ್ಲಿದೆ. ಯಾರ ವಾಹನಕ್ಕೆ ಅಡ್ಡ ಬಂದು ಅವನು ರೆಕ್ಕೆ ಕಳೆದುಕೊಂಡ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಹೆಸರಿಟ್ಟವರಿಗೆ ಯಾರೂ ಹೇಳಿದಂತಿಲ್ಲ.

ಹುಲ್ಲು ಕಡಿಮೆಯಾಯಿತು, ಮಾಂಸಕ್ಕೆ ಬೆಲೆ ಬಂತು, ಉಣ್ಣೆಗೆ ಹೋಯಿತು. ಕುರಿಗಾಹಿ ಉಣ್ಣೆಯಿಲ್ಲದ ತಳಿಗಳ ಕಡೆ ತಿರುಗಿದ. ಅವನನ್ನು ಯಾಕೆ ಬೈಯಬೇಕು? ಉಣ್ಣೆ ಕತ್ತರಿಸುವ ಕೂಲಿಯೂ ಉಣ್ಣೆಯಿಂದ ಹುಟ್ಟದಿದ್ದರೆ ಅವನೇನು ಪರಂಪರೆಗೆಂದು ಸಾಲ ಮಾಡಬೇಕೇ? ಡಿಸೈನರುಗಳನ್ನು ಕೇಳಿ ನೋಡಿ. ಡೆಕ್ಕನಿ ಕುರಿಯ ಉಣ್ಣೆ ಅದ್ಭುತ, ಅಪ್ಪಟ, ನೈಸರ್ಗಿಕ, ಆದರೆ ಸ್ವಲ್ಪ ಚುಚ್ಚುತ್ತದೆ ಎನ್ನುತ್ತಾರೆ. ಕಂಬಳಿ ಮೇಲೆ ಕೂತು ಉಂಡು ಕೂದಲು ಬಂತು ಎಂದರಂತೆ.

ಸಂತೆಗೆ ಹೋದರೆ ಈಗ ಪಾಣಿಪತ್ತಿನ ರಗ್ಗು. ಯುರೋಪು ಅಮೆರಿಕದವರು ಬಿಸಾಡಿದ ಸ್ವೆಟರುಗಳು ಹಡಗು ಹತ್ತಿ ಹರಿಯಾಣಕ್ಕೆ ಬರುತ್ತವೆ. ಅಲ್ಲಿ ಚಿಂದಿಯಾಗಿ, ನೂಲಾಗಿ, ಅಗ್ಗದ ರಗ್ಗಾಗಿ ದೇಶ ತುಂಬುತ್ತವೆ. ಬಿಸಾಡಿದವನಿಗೆ ಮರುಬಳಕೆಯ ಪುಣ್ಯ. ಸಾವಿರಾರು ಮೈಲಿ ಆಚೆಯ ಯಾರದೋ ಹಳೆ ಸ್ವೆಟರು ಕಾವಲಿನ ಪಕ್ಕದ ಮನೆಯ ಕಂಬಳಿಯನ್ನು ಸಂತೆಯಿಂದ ಓಡಿಸಿದರೆ ಅದಕ್ಕೆ ವೃತ್ತಾಕಾರದ ಆರ್ಥಿಕತೆ ಎಂದು ಹೆಸರು.

ಕಂಬಳಿಗೆ ಈಗ ಉಳಿದಿರುವ ಗಟ್ಟಿ ಗಿರಾಕಿಗಳು ರಾಜಕಾರಣಿಗಳು. ಚುನಾವಣೆ ಬಂದರೆ ಪಕ್ಷಭೇದವಿಲ್ಲದೆ ಹೆಗಲ ಮೇಲೆ ಕಂಬಳಿ, ಕೈಯಲ್ಲೊಂದು ಕುರಿಮರಿ, ಎದುರಿಗೆ ಕ್ಯಾಮೆರಾ. ಕ್ಯಾಮೆರಾ ಹೋದ ಮೇಲೆ ಕಂಬಳಿ ಕಾರಿನ ಡಿಕ್ಕಿಗೆ, ಮರಿ ಕುರುಬನ ಕೈಗೆ. ಕಾವಲು ಯಾರ ಕೈಗೆ ಹೋಯಿತು ಎಂದು ಆ ಗದ್ದಲದಲ್ಲಿ ಕೇಳುವವರಾರು?

ನೇಕಾರರ ಮಕ್ಕಳಿಗೆ ಬೇರೆ ದಾರಿಗಳಿವೆ ಎನ್ನುತ್ತಾರೆ. ಇವೆ. ಒಂದು ಬಳ್ಳಾರಿಗೆ, ಪಕ್ಕದಲ್ಲೇ. ಅಲ್ಲಿ ಹೊಸ ಜೀನ್ಸನ್ನು ಹಳೆಯದರಂತೆ ಕಾಣಿಸಲು ತೊಳೆಯುತ್ತಾರೆ. ಕುಡಿಯುವ ನೀರಿಗೆ ಕೊಡ ಹಿಡಿದು ಕಾಯುವ ಸೀಮೆಯಲ್ಲಿ, ಪ್ಯಾಂಟಿಗೆ ವಯಸ್ಸಾಗಲೆಂದು ನೀರು ಖರ್ಚು. ಆ ನೀರು ನೀಲಿಯಾಗಿ ಹೊರಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕ್ರಮಕ್ಕೆ ಇಳಿದಾಗ ಬೀಗ ಬಿದ್ದದ್ದು ಸಣ್ಣ ಸಣ್ಣ ವಾಷಿಂಗ್ ಘಟಕಗಳಿಗೆ. ಎಲ್ಲರ ಕೊಳೆ ನೀರನ್ನೂ ಒಂದೆಡೆ ಶುದ್ಧ ಮಾಡುವ ವ್ಯವಸ್ಥೆಯನ್ನು ಮೊದಲು ಕಟ್ಟಿ, ಆಮೇಲೆ ದಂಡ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಡುವೆ 2023ರ ಚುನಾವಣೆಯಲ್ಲಿ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ಬಂತು. ಭರವಸೆಗೆ ನೀರು ಬೇಕಾಗುವುದಿಲ್ಲ.

ಇನ್ನೊಂದು ದಾರಿ ಬೆಂಗಳೂರಿಗೆ, ಪೀಣ್ಯಕ್ಕೆ, ಮೈಸೂರು ರಸ್ತೆಗೆ. ಅಲ್ಲಿನ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಹೊಲಿಯುವ ಅಂಗಿಗಳ ಮೇಲೇ ಕಾನ್ಷಿಯಸ್, ರೆಸ್ಪಾನ್ಸಿಬಲ್ ಎಂಬ ಹಸಿರು ಚೀಟಿಗಳು ತೂಗುವುದು. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದ ಅವರ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಕೊರೊನಾ ಹೆಸರಿನಲ್ಲಿ ಅದನ್ನೂ ತಡೆದರು. ಕೊಡಿ ಎಂದು ಹೈಕೋರ್ಟ್ ಹೇಳಬೇಕಾಯಿತು. ಎಷ್ಟೋ ಕಾರ್ಖಾನೆಗಳಲ್ಲಿ ಬಾಕಿ ಚುಕ್ತಾ ಆಗಲು 2022 ಬಂತು. ಆಕೆ ಹೊಲಿದ ಒಂದು ಅಂಗಿ ಲಂಡನ್ನಿನಲ್ಲಿ ಮಾರಾಟವಾದರೆ ಅದರಲ್ಲಿ ಎಷ್ಟು ತಿಂಗಳ 417 ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಅದೇ ಲಂಡನ್ನಿನ ಬರ್ಬೆರಿ ಕಂಪನಿ 2018ರ ವಾರ್ಷಿಕ ವರದಿಯಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಸರಕನ್ನು ನಾಶ ಮಾಡಿದ್ದಾಗಿ ಬರೆದುಕೊಂಡಿತು. ಸುಟ್ಟದ್ದು ತಿಳಿದು ಜನ ಉಗಿದ ಮೇಲೆ ಆ ಪದ್ಧತಿ ಬಿಟ್ಟಿತು. ಅಗ್ಗವಾಗಿ ಮಾರಿದರೆ ಬ್ರ್ಯಾಂಡಿನ ಘನತೆ ಕುಗ್ಗುತ್ತದೆ ಎಂಬುದು ಇಂಥ ಕಂಪನಿಗಳ ವಾದ. ನಮ್ಮ ನೇಕಾರನಿಗೂ ಘನತೆ ಇದೆ. ಅವನ ಬಳಿ ಸುಡಲು ಸರಕಿಲ್ಲ, ಅಷ್ಟೇ.

ಎಲ್ಲ ತಪ್ಪನ್ನೂ ಸರ್ಕಾರದ, ಕಂಪನಿಯ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವುದೂ ಸುಲಭ. ನಮ್ಮ ಮದುವೆಗಳನ್ನು ನೋಡಿ. ಛತ್ರದ ಬಾಡಿಗೆಗೆ ಚೌಕಾಸಿಯಿಲ್ಲ. ಡ್ರೋನ್ ಹಾರಿಸುವವನಿಗೆ ಚೌಕಾಸಿಯಿಲ್ಲ. ಒಂದೇ ರಾತ್ರಿಗೆ ಬಾಡುವ ಹೂವಿನ ಮಂಟಪಕ್ಕೆ ಮುಂಗಡ ಹಣ. ಚೌಕಾಸಿಯೆಲ್ಲ ಸೀರೆ ಅಂಗಡಿಗೆ ಮೀಸಲು.

ಮೊನ್ನೆ ಅಂಥದೇ ಒಂದು ಅಂಗಡಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಸಜ್ಜನರು, ಅಂಗಿಯ ಎದೆಯ ಮೇಲೆ ಭೂಮಿ ಉಳಿಸಿ ಎಂಬ ಇಂಗ್ಲಿಷ್ ಬರಹ. ಎದುರಿಗೆ ಮೊಳಕಾಲ್ಮುರು ಸೀರೆ.

‘ಇದು ಕೈಯಲ್ಲೇ ನೇಯ್ದದ್ದು ತಾನೇ? ಮೆಷಿನ್‌ದು ಅಲ್ಲವಲ್ಲ?’

‘ಗ್ಯಾರಂಟಿ ಕೈಮಗ್ಗ ಸಾರ್.’

ಅವರು ಸೆರಗನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಅಂಗುಲ ಅಂಗುಲ ಪರೀಕ್ಷಿಸಿದರು. ಕೊನೆಗೆ ಒಂದು ಕಡೆ ಬೆರಳಿಟ್ಟರು.

‘ಇಲ್ಲಿ ಒಂದು ಎಳೆ ಹೆಚ್ಚು ಕಡಿಮೆ ಆಗಿದೆಯಲ್ರೀ. ಎಷ್ಟು ಕಡಿಮೆ ಮಾಡ್ಕೊಡ್ತೀರಿ?’